ಲದ್ದಿಯ ಇಟ್ಟಿಗೆ

ಮೊದಲು ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೋ, ಮಿಸೋಜಿ.
ಮೂಗು ಮುಟ್ಟಬೇಡ. ಕಣ್ಣಂತೂ ಬೇಡವೇ ಬೇಡ.
ಒಣಮೆಣಸು ಕುಟ್ಟಿದ್ದು ಎರಡು ಬೊಗಸೆ,
ಲದ್ದಿ ಒಂದು ಬಕೆಟ್ಟು, ನೀರು ಕೈಯಂದಾಜು.
ಎನ್‌ಶಿಮಾ ತೊಳಸುವ ಹದ ಗೊತ್ತಲ್ಲ, ಅಷ್ಟೇ.

ಇದು ಅವನದೇ, ಆ ಹರಿದ ಕಿವಿಯವನದು.
ನಸುಕಿಗೆ ಲುವಾಂಗ್ವಾ ಈಜಿ ಬಂದು
ಬೋರ್‌ವೆಲ್ ಪಕ್ಕ ಹಾಕಿ ಹೋದದ್ದು.
ನಾನು ಹೆಕ್ಕುವಾಗ ಇನ್ನೂ ಬೆಚ್ಚಗಿತ್ತು.
ಇಲ್ಲಿ ನೋಡು, ಇಡೀ ಮೆಕ್ಕೆಜೋಳದ ಕಾಳು,
ಒಂದು, ಎರಡು... ಏಳು.
ಆಚೆ ದಡದವರದಿರಬೇಕು, ನಮ್ಮದಿನ್ನೂ ಹಾಲುಗಾಳು.
ಅಷ್ಟು ದೊಡ್ಡ ಹೊಟ್ಟೆಗೂ ಅರಗಲಿಲ್ಲ
ಯಾರದೋ ಬೆವರು.

ನಿಮ್ಮಪ್ಪ ಡಬ್ಬ ಬಡಿಯುತ್ತಿದ್ದ,
ಅಟ್ಟಣೆಯ ಮೇಲೆ ಕೂತು, ರಾತ್ರಿಯಿಡೀ.
ತೂಕಡಿಕೆ ಬಂದರೆ ನನ್ನನ್ನು ಕೂಗಿ ಬೈಯುತ್ತಿದ್ದ,
ಎಚ್ಚರವಿರಲೆಂದು.
ಬರಬರುತ್ತ ಆನೆಗಳಿಗೆ ಡಬ್ಬ ರೂಢಿಯಾಯಿತು.
ಒಂದು ರಾತ್ರಿ ಕೊಳ್ಳಿ ಹಿಡಿದು ಕೆಳಗಿಳಿದ.
ಇಳಿಯಬಾರದಿತ್ತು.
ಎಂಟು ದಿನಕ್ಕೆ ನೀನು ಹುಟ್ಟಿದೆ.
ಕಣ್ಣೀರು ಎಂದು ನಿನಗೆ ಹೆಸರಿಟ್ಟವಳು ಅಜ್ಜಿ.
ನಾನಲ್ಲ. ನನಗೆ ಆಗ ಬಾಯಿರಲಿಲ್ಲ.

ಅವನೇ ಇವನಾ ಎಂದು ಕೇಳಬೇಡ.
ಕತ್ತಲಲ್ಲಿ ಕಿವಿ ನೋಡಿದವರು ಯಾರು?
ವನ್ಯಜೀವಿ ಇಲಾಖೆಯವರು ಬಂದರು,
ಯಾವುದೋ ಒಂದನ್ನು ಗುಂಡಿಟ್ಟು ಕೆಡವಿದರು,
ಊರಿಗೆಲ್ಲ ಮಾಂಸ ಹಂಚಿದರು.
ನನ್ನ ಪಾಲೂ ಬಂತು. ಬೇಯಿಸಿದೆ.
ತಿಂದೆನೋ ಇಲ್ಲವೋ ಇವತ್ತಿಗೂ ಹೇಳಲಾರೆ.
ಮರುವಾರ ಬೇರೆ ಆನೆಗಳು ಬಂದವು,
ಅದೇ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು.

ಆನೆ ನಡೆದದ್ದೇ ದಾರಿ.
ಆ ದಾರಿಗೇ ಗುದ್ದಲಿ ಹಾಕಿದ್ದು ನಾವು,
ಗೊತ್ತಿದ್ದೂ ಹಾಕಿದೆವು ಎಂದು
ಅಜ್ಜಿ ಸಾಯುವ ಮುಂಚೆ ಒಪ್ಪಿಕೊಂಡಳು.
ಅದಕ್ಕೇ ಹೊಳೆಯ ಕಡೆಯ ಪಟ್ಟಿ ಬಿಟ್ಟಿದ್ದೇನೆ,
ಹದಿನಾಲ್ಕು ಹೆಜ್ಜೆ ಅಗಲ.
ತೆಂಬೊ ಮನೆಯವರು ನಕ್ಕರು.
ನಗಲಿ. ಅವರ ಕಣಜದ ಗೋಡೆಯನ್ನು ಹೋಗಿ ನೋಡು.

ಒತ್ತು. ಇನ್ನೂ ಒತ್ತು. ಮೂಲೆಗೆ ಹೋಗಬೇಕು.
ಹೌದು, ಅದೇ ಡಬ್ಬ.
ಆ ನೆಗ್ಗೆಲ್ಲ ನಿಮ್ಮಪ್ಪನ ಕೋಲಿನದು.
ಹಾಗಾಗಿ ನಮ್ಮ ಇಟ್ಟಿಗೆ ಯಾವತ್ತೂ ಸೊಟ್ಟ.

ಮೂರು ದಿನ ಬಿಸಿಲು, ಆಮೇಲೆ
ಸಂಜೆಗೆ ಹೊಲದ ಮೂಲೆಯ ಕೆಂಡದ ಮೇಲಿಡು.
ಉರಿ ಬೇಡ, ಹೊಗೆ ಸಾಕು.
ಗಾಳಿ ತಿರುಗಿದರೆ ಯಾರೇನು ಮಾಡಲಾದೀತು?
ಮೊನ್ನೆ ಮಂಗಳವಾರ ಅವನು ನಿಧಾನಕ್ಕೆ
ಎರಡು ಸಾಲು ಮುಗಿಸಿದ,
ನಾವು ಒಳಗೆ ಒದ್ದೆ ಬಟ್ಟೆ ಮುಖಕ್ಕೊತ್ತಿ
ಕೆಮ್ಮುತ್ತ ಕೂತಿದ್ದೆವು.
ನೀನು ನಕ್ಕೆ.
ಮೊದಲು ಸಿಟ್ಟು ಬಂತು ನನಗೆ.
ಆಮೇಲೆ ಲೆಕ್ಕ ಹಾಕಿದೆ: ಎರಡೇ ಸಾಲು,
ಯಾರೂ ಕೆಳಗಿಳಿಯಲಿಲ್ಲ.

ಆ ಏಳು ಕಾಳು ಬಿಸಾಡಬೇಡ,
ಕೋಳಿಗೆ ಹಾಕು.

ಅಯ್ಯೋ, ಕಣ್ಣು ಮುಟ್ಟಿಕೊಂಡೆಯಾ!
ಉಜ್ಜಬೇಡ, ಬಾ ಇಲ್ಲಿ,
ಬೆಳಕಿಗೆ ಮುಖ ಮಾಡು,
ರೆಪ್ಪೆ ತೆರೆ. ಊದುತ್ತೇನೆ.