ವಿಳಾಸದ ಕಾಲಂ

ತಿಂಗಳ ಮೊದಲ ಸೋಮವಾರ
ಅವನ ಬಾಗಿಲು ಬಡಿಯಬೇಕು, ಅದು ನನ್ನ ಬೀಟು.
ಪುಸ್ತಕದಲ್ಲಿ ಅವನಿಗೊಂದು ಹಾಳೆ:
ತಿಪ್ಪೇಶ, ಏಳು ವರ್ಷ ಒಳಗಿದ್ದು ಬಂದವನು,
ಯಾವ ಕಲಮು, ಯಾವ ಕೋರ್ಟು, ಎಲ್ಲ ಬರೆದಿದೆ.
ಆ ಮಗುವಿನ ಹೆಸರು ಬರೆದಿಲ್ಲ. ಬರೆಯಬಾರದು.
ನನಗೆ ಗೊತ್ತು. ಹೇಳುವುದಿಲ್ಲ.

ಮೊದಲ ವಿಳಾಸ ನಿಟುವಳ್ಳಿ, ತಾಯಿಯ ಬಾಡಿಗೆ ಮನೆ.
ಎದುರಿಗೆ ಹಿಟ್ಟಿನ ಗಿರಣಿ, ಪಕ್ಕಕ್ಕೆ ಹೊಲಿಗೆಯವಳು,
ಕೆಮ್ಮಿದರೆ ಮೂರು ಮನೆಗೆ ಕೇಳುವಷ್ಟು ತೆಳ್ಳಗಿನ ಗೋಡೆ.
ಹಾಲಮ್ಮ ಹೊಸ್ತಿಲ ಮೇಲೇ ಕೂತು
ಮೊರದಲ್ಲಿ ಅಕ್ಕಿ ಆರಿಸುವಳು,
ಒಂದು ಕಣ್ಣು ಕಲ್ಲಿನ ಮೇಲೆ, ಒಂದು ಕಣ್ಣು ಮಗನ ಮೇಲೆ.
"ಒಳಗೇ ಅದಾನೆ ನೋಡ್ರಿ ಮೇಡಮ್ಮಾರೆ,
ನನ್ನ ದಾಟಿ ಹೋಗಬೇಕು ಅವನು."
ನಾನು ಸಹಿ ಹಾಕಿ, ಚಹಾ ಬೇಡವೆಂದು,
ಗಾಡಿ ಹತ್ತುತ್ತಿದ್ದೆ.

ಆಮೇಲೆ ಅರ್ಜಿ ಬಂತು.
ನೂರಾ ಹದಿನಾಲ್ಕು ಸಹಿ, ಎರಡು ಹೆಬ್ಬೆಟ್ಟು.
ತಪ್ಪೆನ್ನಲೇ?
ಅದೇ ಬೀದಿಗೆ ನನ್ನ ಮಗಳು ಟ್ಯೂಷನ್ನಿಗೆ ಹೋಗುತ್ತಾಳೆ.
ಖಾಕಿ ಕಳಚಿಟ್ಟು ಹೋಗಿದ್ದರೆ
ನೂರಾ ಹದಿನೈದನೆಯದು ನನ್ನದೇ.

ನಿವೃತ್ತ ಸರ್ವೇಯರ್ ಅಜ್ಜಪ್ಪನವರು
ವಾರ್ಡಿನ ನಕಾಶೆ ಹಾಸಿ
ಹೆಂಡತಿಯ ಬಳೆಯೊಂದು ಇಸಿದುಕೊಂಡು
ಶಾಲೆಯ ಮೇಲಿಟ್ಟು ಒಂದು ಸುತ್ತು ಎಳೆದರು,
ಅಂಗನವಾಡಿಗೊಂದು, ಪಾರ್ಕಿಗೊಂದು,
ಭರತನಾಟ್ಯದ ಕ್ಲಾಸಿಗೊಂದು.
ಈ ಸುತ್ತಿನೊಳಗೆ ಅವನಿರಬಾರದು.
ಪಕ್ಕದ ಬಡಾವಣೆಯವರೂ ಬಳೆ ಕೇಳಿ ತರಿಸಿಕೊಂಡರು.
ನೋಡುತ್ತ ನೋಡುತ್ತ ಊರೆಲ್ಲ ಬಳೆಯ ಗುರುತು.

ನನ್ನ ಪುಸ್ತಕದಲ್ಲಿ ಗೀಟುಗಳು.
ಹೊಂಡದ ಸರ್ಕಲ್ಲಿನ ಲಾಡ್ಜು, ನಾಲ್ಕು ರಾತ್ರಿ. ಗೀಟು.
ಆವರಗೆರೆಯಲ್ಲಿ ಸೋದರಮಾವನ ದನದ ಕೊಟ್ಟಿಗೆ,
ಹದಿನೇಳು ದಿನ. ಗೀಟು.
ಹಾಲಮ್ಮನಿಗೂ ಮನೆ ಖಾಲಿ ಮಾಡಲು ಹೇಳಿದರು.
ಮೊರ, ಸ್ಟೌವು, ಒಂದು ಗಂಟು;
ಜಗಳೂರಿನ ತಂಗಿಯ ಮನೆಗೆ ಬಸ್ಸು ಹತ್ತಿದಳು.
ಸಂಬಳವಿಲ್ಲದ ಕಾವಲೊಂದನ್ನು
ನಾವೇ ಟಿಕೆಟು ಕೊಟ್ಟು ಕಳಿಸಿದೆವು.

ಕೊನೆಯ ವಿಳಾಸ: ಊರು ಮುಗಿದ ಮೇಲಿನ ಮಂಡಕ್ಕಿ ಭಟ್ಟಿ.
ಬೆಳಗಿನ ಜಾವ ಮೂರಕ್ಕೇ ಬೆಂಕಿ.
ಕಾದ ಮರಳಿನಲ್ಲಿ ಅಕ್ಕಿ ಚಟಪಟ ಅರಳುತ್ತದೆ,
ಹೆಂಗಸರ ಬೆನ್ನು ಬಾಗಿಲ ಕಡೆಗೆ.
ಬಾಗಿಲು ಎಂದೆನೇ? ಗೋಣಿತಾಟು.
ಹೊಗೆ ಮೆತ್ತಿದ ಚೀಲಗಳ ನಡುವೆ
ಮಕ್ಕಳು ಮಲಗಿವೆ, ಎಣಿಸಿದೆ, ಒಂಬತ್ತು.

ಇಲ್ಲಿ ಬಳೆ ಬೀಳಲಿಲ್ಲವಲ್ಲ, ಯಾಕೆ?
ಮಕ್ಕಳಿಲ್ಲವೆಂದಲ್ಲ.
ಮಕ್ಕಳಿಗೆ ಅಂಗನವಾಡಿಯಿಲ್ಲ, ಅದಕ್ಕೆ.

ಒಬ್ಬಳು ಎದ್ದು ಕಣ್ಣುಜ್ಜಿ ನನ್ನ ಟೋಪಿ ನೋಡಿದಳು.
"ಬಿಸ್ಕೀಟು ಮಾಮನ್ನ ಹುಡುಕ್ತೀಯಾ?"

ಪೆನ್ನು ಕೈಯಲ್ಲೇ ಉಳಿಯಿತು.
ಅವಳ ಅವ್ವ ರುಬೀನಾಗೆ ಹೇಳಿದೆ, ಬಿಡಿಸಿ ಹೇಳಿದೆ.
ಜರಡಿ ನಿಲ್ಲಿಸದೆಯೇ ಕೇಳಿದಳು:
"ಎಲ್ಲಿಡ್ಲಿ ಮೇಡಂ ಇವಳನ್ನ? ನಿಮ್ಮ ಮನೇಲಿ?"

ಮುಂದಿನ ಸೋಮವಾರಕ್ಕೆ ಅವನಿರಲಿಲ್ಲ.
ಸಾಲದ ಗಾಡಿಯಂತೆ ಊರೆಲ್ಲ ಹುಡುಕಿದೆ.
ಫೋನು ಸ್ವಿಚ್ ಆಫ್. ಭಟ್ಟಿಯ ಮಾಲೀಕ
"ಇಲ್ಲಿ ಬರೋರು ಹೋಗೋರು ಬಹಳ" ಎಂದ.

ನಿಟುವಳ್ಳಿಯಲ್ಲಿ ಈಗ
ರಾತ್ರಿ ಎಂಟರವರೆಗೂ ಮಕ್ಕಳ ಶಟಲ್ ಆಟ.
ಅಜ್ಜಪ್ಪನವರು ಕುರ್ಚಿ ಎಳೆದು ಕೂರಿಸಿ
"ನೆಮ್ಮದಿ ಆತು ನೋಡ್ರಿ" ಎಂದು
ಮೆಣಸಿನಕಾಯಿ ಮಂಡಕ್ಕಿ ಮುಂದಿಟ್ಟರು.
ಒಂದು ಮುಕ್ಕಿಗೇ ಸಾಕೆನಿಸಿತು.

ಸ್ಟೇಷನ್ನಿನಲ್ಲಿ ಸಾಹೇಬರು ಹಾಳೆ ತಿರುವಿ ರೇಗಿದರು:
ವಿಳಾಸದ ಕಾಲಂ ಖಾಲಿ ಬಿಡಬಾರದು,
ಏನಾದರೂ ಬರೆ.

ಬರೆದೆ:
ದಾವಣಗೆರೆ.