ಸೂಜಿಮೊನೆಯಷ್ಟು ತೂತು

ಧೈದ್ ರಸ್ತೆಯಲ್ಲಿ ಮುಂದಿನ ಟ್ಯಾಂಕರು
ನನ್ನ ಗಾಜಿಗೆ ಕೆಸರು ಉಗಿಯಿತು.
ಬಲಗೈಯ ಕಡ್ಡಿಯನ್ನು ಎದೆಯ ಕಡೆಗೆ ಎಳೆದೆ.
ವೈಪರು ಎದ್ದು, ಹಲ್ಲು ಕಡಿಯುತ್ತ
ಎರಡು ಸಲ ಹೋಗಿ ಬಂದು
ಕೆಸರನ್ನು ನೀಟಾಗಿ ಸಾರಿಸಿ ಮಲಗಿತು.
ನೀರಿಲ್ಲ.
ಇನ್ನೊಮ್ಮೆ ಎಳೆದೆ. ಇಲ್ಲ.

ಹನ್ನೊಂದು ಕಿಲೋಮೀಟರು
ಪಕ್ಕದ ಕಿಟಕಿಯಿಂದ ಕತ್ತು ಹೊರಗೆ ಹಾಕಿ
ಬೈಸಿಕೊಳ್ಳುತ್ತ ಬಂದೆ, ನಾಲ್ಕು ಭಾಷೆಯಲ್ಲಿ.

ಸನಾಯಿಯಾ ಹತ್ತರಲ್ಲಿ ಹಮ್ಮಬ್ಬಾಕನ ಶೆಡ್ಡು.
ಉಪ್ಪಿನಂಗಡಿಯವರು; ಸುಲೈಮಾನಿ ಲೋಟ
ಬಾನೆಟ್ಟಿನ ಮೇಲಿಟ್ಟೇ ಮಾತು.
"ಎಂಜಿನ್ ಬೇಡ. ಕೀ ಮಾತ್ರ ತಿರುಗಿಸು.
ಎಸಿ ಬಂದ್. ರೇಡಿಯೋ ಬಂದ್. ನೀನೂ ಬಂದ್.
ಈಗ ಎಳೆ."
ಚಕ್ರದ ಮೇಲಿನ ತಗಡಿಗೆ ಕಿವಿ ಕೊಟ್ಟು ಕೂತರು,
ತಲೆಯ ಟೋಪಿ ಜಾರದಂತೆ ಹಿಡಿದು.
"ಗುಂಯ್ ಅಂತ ಉಂಟು. ಹಾಗಾದ್ರೆ ಪಂಪಿಗೆ ಜೀವ ಉಂಟು,
ಫ್ಯೂಸಿಗೂ ಉಂಟು. ಸದ್ದೇ ಇಲ್ಲದಿದ್ರೆ ಬೇರೆ ಕತೆ."

ಡಬ್ಬಿಯ ಮುಚ್ಚಳ ತೆಗೆದರೆ ಗಂಟಲಮಟ್ಟ ನೀರು,
ಮೂರು ವರ್ಷದ್ದು, ಪಾಚಿ ಬಣ್ಣ.
"ಕಪ್ಪೆ ಸಾಕಿದ್ದೀಯಾ ಮಾರಾಯ್ತಿ?"
ಪೈಪಿನ ಉದ್ದಕ್ಕೂ ಬೆರಳು ನಡೆಸಿದರು,
ಇಲ್ಲಿನ ಬಿಸಿಗೆ ರಬ್ಬರು ಬಿರಿಯುತ್ತದಂತೆ;
ಬಿರಿದಿರಲಿಲ್ಲ. ತುದಿ ಕಿತ್ತು, ಎಳೆ ಎಂದರು.
ಅಂಗಿಯ ಮೇಲೆ ಹಸಿರು ನೀರು ಚಿಮ್ಮಿತು.
ಬೈಯಲಿಲ್ಲ, ಖುಷಿಪಟ್ಟರು:
"ಇಲ್ಲಿವರೆಗೆ ಬರ್ತದೆ. ಇನ್ನು ಉಳಿದದ್ದು ಮೂಗು.
ಬಳೆಯಲ್ಲಿ ಪಿನ್ನು ಇರಬೇಕಲ್ಲ, ಕೊಡು."

ಇತ್ತು.

ಸೂಜಿಮೊನೆಯಷ್ಟೇ ತೂತು, ಎರಡು.
ಕೆದಕಿದಾಗ ಬಂದದ್ದು ಬಿಳಿ. ಉಪ್ಪೆಂದುಕೊಂಡೆ.
ಅವರು ಮೂಸಿ, ನನ್ನ ಮುಂದೆ ಹಿಡಿದರು: ನಿಂಬೆ ವಾಸನೆ.
"ಮೇಣ. ಪಾಲಿಶಿನದ್ದು.
ಈ ಹಳೆ ಕೊರೋಲಾವನ್ನು ಯಾರು ಇಷ್ಟು ಉಜ್ಜುವುದು?"

ಮಶಾಕ.
ಚಿಂಚೋಳಿ ಕಡೆಯವನು. ಅಬು ಶಗಾರಾದಲ್ಲಿ
ನಮ್ಮ ಕಟ್ಟಡದ ಕೆಳಗೆ ಬೆಳಗಿನ ನಾಲ್ಕಕ್ಕೆ
ಒಂದು ಬಕೆಟ್ಟು ನೀರಲ್ಲಿ ಒಂಬತ್ತು ಕಾರು.
ನಾನು ಅವನನ್ನು ಸರಿಯಾಗಿ ನೋಡಿದ್ದು ಎರಡೇ ಸಲ.
ಒಮ್ಮೆ, ವಿಮಾನಕ್ಕೆಂದು ಬೇಗ ಎದ್ದ ದಿನ,
ವೈಪರುಗಳನ್ನು ಎತ್ತಿ ನಿಲ್ಲಿಸುತ್ತಿದ್ದ:
"ಬ್ಯಾಸಗ್ಯಾಗ ಹಿಂಗ ಬಿಡಬೇಕ್ರಿ ಅಕ್ಕಾರ,
ಇಲ್ಲಾಂದ್ರ ರಬ್ಬರು ಗಾಜಿಗಿ ಹತ್ತಿಬಿಡ್ತದ."
ಸಾಲಿನ ಕಾರುಗಳೆಲ್ಲ ಕೈ ಎತ್ತಿ ನಿಂತಿದ್ದವು,
ಯಾರೋ ಹಾಜರಿ ಕರೆಯುತ್ತಿರುವ ಹಾಗೆ.

ಮತ್ತೆ ಅವನೆಂದರೆ
ಬಾಗಿಲಂಚಿನಲ್ಲಿ ಒಂದಿಷ್ಟು ತೇವ,
ಒಂದನೇ ತಾರೀಖಿನ ಸಂದೇಶ: "ಅಕ್ಕಾರ, 80."

ಮೂರು ವರ್ಷ ನಾನು ಆ ಕಡ್ಡಿ ಎಳೆದೇ ಇರಲಿಲ್ಲ.
ಧೂಳು ಎಂಬುದು ಊರಿನ ಇತರರ ತೊಂದರೆ.
ಹೋದ ತಿಂಗಳು ಕಟ್ಟಡಕ್ಕೆ ಬೇರೆ ಕಂಪನಿ ಬಂತು.
ಸಂದೇಶ ಬಂದಿಲ್ಲವೆಂದು ಹೊಳೆದದ್ದು ಒಂಬತ್ತಕ್ಕೆ,
ಆಗಲೂ, ನಿಜ ಹೇಳುತ್ತೇನೆ,
ಎಂಬತ್ತು ಉಳಿಯಿತೆಂದೇ ಮೊದಲು ಅನಿಸಿತು.

"ಎಳೆ" ಎಂದರು ಹಮ್ಮಬ್ಬಾಕ.
ಬಲದ್ದು ಗಾಜಿಗೆ ಬಿತ್ತು. ಎಡದ್ದು ಸೂರು ದಾಟಿ
ಹಿಂದೆ ಟೈರು ಉರುಳಿಸುತ್ತಿದ್ದ ಪಠಾಣನ ಗಡ್ಡಕ್ಕೆ.
ಪಿನ್ನಿನಲ್ಲೇ ಅದರ ಮುಖ ಚೂರು ಕೆಳಗೆ ತಿರುಗಿಸಿ
ಪಿನ್ನು ವಾಪಸು ಕೊಟ್ಟರು. ದುಡ್ಡು ಬೇಡವೆಂದರು,
"ಸಾಮಾನು ನಿನ್ನದೇ ಅಲ್ಲವಾ."
ಪಠಾಣನಿಗೆ ಮಾತ್ರ ನಾನು ಚಹಾ ಕೊಡಿಸಬೇಕಾಯಿತು.

ಮರಳುವಾಗ ಪ್ರತಿ ಸಿಗ್ನಲ್ಲಿನಲ್ಲೂ ಎಳೆದೆ.
ಧೂಳು ಗಂಜಿಯಾಗಿ, ತಿಳಿಯಾಗಿ, ಹರಿದು,
ಎರಡು ಬೀಸಣಿಗೆಯಗಲ ರಸ್ತೆ ಕಂಡಿತು.
ಮೇಲಿನ ಮೂಲೆಗಳಿಗೆ ಮಾತ್ರ
ವೈಪರಿನ ಕೈ ಎಟುಕುವುದಿಲ್ಲ;
ಅಲ್ಲಿ ಎರಡು ಮುಕ್ಕೋಣ, ಮಣ್ಣಿನವು.
ಮೂರು ವರ್ಷ ಅವು ಇರಲೇ ಇಲ್ಲ.

ಕಾರು ನಿಲ್ಲಿಸಿ, ಕರವಸ್ತ್ರಕ್ಕಾಗಿ
ಚೀಲದಲ್ಲಿ ತಡಕಾಡಿದೆ.