ಅಕ್ಷರಕ್ಕೆ ಮೂರು ಸೆಂಟು

ಓರಿನ್ ಟ್ವಿಚೆಲ್ ಸತ್ತ ಮೂರನೇ ದಿನ
ಹೆಂಡತಿ ಮೆಹಿಟೆಬಲ್ ಚೀಟಿ ತಂದಳು:
ಶಾಸಕ, ಎರಡು ಸಲ; ಸೆನೆಟರ್, ಅರ್ಧ ಅವಧಿ;
ಕಾಲುವೆ ಸಮಿತಿಯ ಅಧ್ಯಕ್ಷ.
ಉಳಿ ಕೆಳಗಿಟ್ಟು ಬೆರಳು ಮಡಚಿ ಎಣಿಸಿದೆ.
ಅಕ್ಷರಕ್ಕೆ ಮೂರು ಸೆಂಟು, ಅಲ್ಪವಿರಾಮ ಪುಕ್ಕಟೆ.

ಅವನ ಮಾತು ಕೇಳಬೇಕಿತ್ತು ನೀವು,
ಜೋಳದ ಗಾಡಿಯ ಮೇಲೆ ನಿಂತು
ಎರಡು ತಾಸು, ಗುಟುಕು ನೀರೂ ಇಲ್ಲದೆ.
ಕಾಲುವೆ ಬರುತ್ತದೆ ಅಂದ. ದೋಣಿ ಕಟ್ಟಿದೆವು.
ಬಂದದ್ದು ರೈಲು,
ಅದೂ ಹನ್ನೆರಡು ಮೈಲಿ ಆಚೆ.
ದೋಣಿಯಲ್ಲಿ ಈಗ ಕೋಳಿ ಮೊಟ್ಟೆಯಿಡುತ್ತವೆ.

ಓಹಾಯೋ ನದಿ ದಾಟಿ ಓಡಿಬಂದ ಗುಲಾಮರನ್ನು
ಹಿಡಿದುಕೊಡುವ ಕಾಯ್ದೆಗೆ
ಸಭೆಯಲ್ಲಿ ಕೈ ಎತ್ತಿದ.
ಅದೇ ಚಳಿಗಾಲ, ಅದೇ ಕೈ
ತನ್ನ ಹುಲ್ಲಟ್ಟದ ಅಗುಳಿ ತೆಗೆಯಿತು
ತಾಯಿ ಒಬ್ಬಳಿಗೆ, ಕೆಮ್ಮುವ ಕೂಸಿಗೆ.
ಮೊದಲನೆಯದು ಪತ್ರಿಕೆಯಲ್ಲಿ ಓದಿದ್ದು.
ಎರಡನೆಯದಕ್ಕೆ ಕಂದೀಲು ಹಿಡಿದವನು ನಾನು.
ಯಾಕೆ ಹೀಗೆ ಅಂತ ಕೇಳಲಿಲ್ಲ,
ಅವನೂ ಹೇಳಲಿಲ್ಲ, ಅಷ್ಟು ಮಾತಿನವನು.

“ಯಾವುದು ಕೆತ್ತಲಿ, ಅಮ್ಮಾ?”
ಮೆಹಿಟೆಬಲ್ ಚೀಟಿಯನ್ನು
ನಾಲ್ಕಾಗಿ ಮಡಚಿ ಕೈಗವಸಿನೊಳಗೆ ತುರುಕಿದಳು.
“ಹೆಸರು ಸಾಕು.”

ಹದಿನಾಲ್ಕು ಅಕ್ಷರ, ನಲವತ್ತೆರಡು ಸೆಂಟು.
ಎರಡು ಬಿಟ್ಟುಕೊಟ್ಟೆ.
ಬದುಕಿದ್ದಾಗ ಅವನಿಗೆ
ಒಂದು ವೋಟೂ ಹಾಕಿದವನಲ್ಲ.